ರುಚಿ ನೋಡದ ಅಂಬಲಿ

ಗದಗ
೪ ನವೆಂಬರ್ ೨೦೨೪

ಶ್ರೀಮತಿ ಮಂಜುಳಾ ಅವರಿಗೆ,

ಪತ್ರ ನಿಮ್ಮ ಹೆಸರಿಗೆ ಬಂದಿದೆಯಾದರೂ ನಿಮ್ಮ ಅತ್ತೆ ಫಕ್ಕೀರವ್ವನಿಗಾಗಿ ಬರೆದದ್ದು. ದಯವಿಟ್ಟು ಓದಿ ಹೇಳಿ. ನಮ್ಮ ತಂದೆ ಹಮ್ಮಿಗಿಯಲ್ಲಿ ಹೊಳೆದಂಡೆಯ ಗುಡಿಯ ಪೂಜೆ ಮಾಡಿಕೊಂಡಿದ್ದ ಕಾಲದಲ್ಲಿ ಅವಳು ನಮ್ಮ ಹಿತ್ತಲು ಬಳಿಯಲು ಬರುತ್ತಿದ್ದಳು, ನನ್ನನ್ನು ಎತ್ತಿಕೊಂಡು ತಿರುಗುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಗದಗಕ್ಕೆ ಬಂದಾಗ ನಮ್ಮ ಮನೆಗೂ ಬಂದು, ತೊಟ್ಟಿಲಲ್ಲಿದ್ದ ನನ್ನ ಮಗ ಪವಮಾನನನ್ನು ನೋಡಿ, “ಇದು ಉಣ್ಣಾಕ ಶುರು ಮಾಡಿದಾಗ ಹೇಳಿ ಕಳಸ ವಾಸಣ್ಣ, ಹಿಟ್ಟು ಮಾಡಿ ಕೊಡತೀನಿ” ಎಂದಿದ್ದಳು. ಅದು ಉಣ್ಣಲು ಶುರು ಮಾಡುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ಮಗು ಅಳುವುದು ನಿಮಗೆ ಕೇಳುತ್ತದೆ, ನಾನು ಹೇಳುವುದು ಕೇಳುವುದಿಲ್ಲ. ಮೇಲಾಗಿ ನನ್ನ ಹೆಂಡತಿ ಮೇಧಾ ದಿನಕ್ಕೆ ಮೂರು ಸಲ ಮಾತಾಡುತ್ತಾಳೆ. ಆ ಯಂತ್ರ ಸದ್ಯಕ್ಕೆ ಸುಳ್ಳಿಗೆ ಮೀಸಲು. ಅವಳು ಭೂಮಾಪನ ಇಲಾಖೆಯ ತರಬೇತಿಗೆಂದು ಮೈಸೂರಿನಲ್ಲಿದ್ದಾಳೆ, ಜನವರಿ ಕೊನೆಯವರೆಗೆ. ನಡುವೆ ಬಿಟ್ಟು ಬಂದರೆ ಕೆಲಸ ಹೋಗುತ್ತದೆ. ‘ಉಂಡನೇ?’ ಎಂದು ಕೇಳುತ್ತಾಳೆ. ಉಂಡ ಎನ್ನುತ್ತೇನೆ.

ಮಗುವಿಗೆ ಹನ್ನೊಂದು ತಿಂಗಳು. ತೂಕ ಏಳು ಕಿಲೋ ಒಂಬೈನೂರು ಗ್ರಾಂ. ಬಾಟಲಿಯ ಹಾಲು ಕುಡಿಯುತ್ತಾನೆ. ಚಮಚ ಕಂಡರೆ ನಾಲಗೆಯಿಂದ ಹೊರಗೆ ತಳ್ಳುತ್ತಾನೆ. ತಳ್ಳಿದ್ದು ಗದ್ದಕ್ಕೆ, ಕುತ್ತಿಗೆಗೆ, ನನ್ನ ಮೊಣಕೈಗೆ ಬರುತ್ತದೆ. ನಾನು ಕಾಲೇಜಿನ ಗ್ರಂಥಪಾಲಕ. ಇಪ್ಪತ್ತು ವರ್ಷ ಒಣಗಿದ ವಸ್ತುಗಳ ನಡುವೆ ಬದುಕಿದವನು. ಮಗು ಎಂದರೆ ಒದ್ದೆ. ಜೊಲ್ಲು, ಮೂಗು, ಕಕ್ಕಿದ ಹಾಲು ಒಣಗಿ ಹುಳಿ ನಾರುವ ಕತ್ತಿನ ಮಡಿಕೆ. ದಿನಕ್ಕೆ ಹನ್ನೆರಡು ಸಲ ಕೈ ತೊಳೆಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ನಿಮಗೆ ಯಾಕೆ ಬರೆದೆನೋ ಗೊತ್ತಿಲ್ಲ. ನೀವು ದೂರದಲ್ಲಿದ್ದೀರಿ ಎಂದಿರಬೇಕು.

ಇವನು ಹೀಗೇ ಇಳಿಯುತ್ತಿದ್ದರೆ ಲಕ್ಷ್ಮೇಶ್ವರದಿಂದ ನನ್ನ ಅತ್ತೆ, ಮೇಧಾಳ ತಾಯಿ ಪದ್ಮಾಬಾಯಿಯವರು ಬಂದು ಕರೆದುಕೊಂಡು ಹೋಗುತ್ತಾರಂತೆ. ಹೊರಡುವ ದಿನ ಮೇಧಾ ಒಂದು ಮಾತು ಹೇಳಿದ್ದಳು: “ಈ ಮೂರು ತಿಂಗಳೊಳಗ ಅವಾ ನಿಮ್ಮವ ಆಗಲಿಲ್ಲಂದ್ರ, ಮುಂದ ಆಗೂದಿಲ್ಲ.”

ಹಿಟ್ಟು ಮಾಡುವ ಕ್ರಮ ತಿಳಿಸಿದರೆ ಉಪಕಾರವಾಗುತ್ತದೆ.

ವಾಸುದೇವ


ಹಮ್ಮಿಗಿ
೯ ನವೆಂಬರ್ ೨೦೨೪

ವಾಸುದೇವ ಸರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಮಗು ಎಂದರೆ ಒದ್ದೆ ಎಂದು ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ಸೆರಗು ಬಾಯಿಗೆ ಹಿಡಿದು ನಕ್ಕರು. “ಇವ ಭಾಳ ಒಣಗಿದ್ದನೇನ ಆಗ? ದಿನಾ ನನ್ನ ಎರಡೆರಡು ಸೀರಿ ತೋಯಸತಿದ್ದ. ಕೇಳ ಅವನ್ನ” ಎಂದರು. ತಪ್ಪು ತಿಳಿಯಬೇಡಿರಿ, ಅವರ ಮಾತೇ ಹಾಗೆ.

ಹಿಟ್ಟನ್ನೇ ಮಾಡಿ ಡಬ್ಬಿಯಲ್ಲಿ ತುಂಬಿ ಗದಗದ ಬಸ್ಸಿಗೆ ಕೊಟ್ಟಿದ್ದೇವೆ. ಬಿಳಿಜೋಳ ಎರಡು ಪಾಲು, ಹೆಸರು ಒಂದು ಪಾಲು, ಗೋಧಿ ಅರ್ಧ ಪಾಲು. ಮೂರನ್ನೂ ಬೇರೆಬೇರೆ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿದ್ದು. ಮೇಲೆ ಒಂದು ಹಿಡಿ ಶೇಂಗಾ. ನಾನು ಇಲ್ಲಿ ಅಂಗನವಾಡಿ ನಡೆಸುತ್ತೇನೆ. ನಮಗೆ ತರಬೇತಿಯಲ್ಲಿ ಕಲಿಸಿದ್ದೂ ಹೆಚ್ಚುಕಡಿಮೆ ಇದೇ. ಆದರೆ ಅತ್ತೆ ಹುರಿಯುವ ಹದ ಅಲ್ಲಿ ಯಾರೂ ಕಲಿಸಲಿಲ್ಲ. ಒಂದು ಚಿಟಿಕೆ ಬಾಯಲ್ಲಿ ಹಾಕಿಕೊಂಡು ನೋಡಿ, ಹಸಿ ಇದೆ ಎಂದು ಮತ್ತೆ ಹುರಿಸಿ, ಮತ್ತೊಂದು ಚಿಟಿಕೆ ಹಾಕಿಕೊಂಡು ನೋಡಿ, ಆಮೇಲೆಯೇ ಡಬ್ಬಿ ಮುಚ್ಚಿದರು.

ಸಂಜೆ ಎರಡು ಚಮಚ ಹಿಟ್ಟನ್ನು ನೀರು ಮಜ್ಜಿಗೆಯಲ್ಲಿ ಕಲಸಿ ಇಡಬೇಕು. ಬೆಳಿಗ್ಗೆ ಅದನ್ನೇ ಕುದಿಸಿ, ಚೂರು ಬೆಲ್ಲ ಹಾಕಿ ಅಂಬಲಿ ಮಾಡಬೇಕು. “ಚೂರು ಹುಳಿ ಬರಲಿ, ಹುಳಿ ಬಂದ್ರ ಹೊಟ್ಟಿಗೆ ಹಗರ” ಎಂದು ಅತ್ತೆ ಹೇಳುತ್ತಾರೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸಬೇಕಂತೆ, ಎದುರಿಗೆ ಅಲ್ಲ.

ಮಂಜುಳಾ


ಗದಗ
೧೮ ನವೆಂಬರ್ ೨೦೨೪

ಮಂಜುಳಾ ಅವರಿಗೆ,

ಡಬ್ಬಿ ತಲುಪಿತು. ಹಿಟ್ಟು ದಾರಿಯಲ್ಲಿ ತೇವ ಹಿಡಿದಂತೆ ಕಂಡಿತು, ಬಳಸಲಿಲ್ಲ. ನಿಮಗೆ ತೊಂದರೆಯಾಗದಿದ್ದರೆ ಕಾಳನ್ನೇ ಕಳಿಸಿ. ಮೊಳಕೆ ಬರಿಸಿ, ಹುರಿದು, ಮನೆಯಲ್ಲೇ ಬೀಸಿಕೊಳ್ಳುತ್ತೇನೆ. ರಜೆಯ ಮೇಲಿದ್ದೇನೆ, ಸಮಯವಿದೆ.

ಒಂದು ಮಾತು ತಿಳಿಸಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅಡುಗೆಯನ್ನು ದೇವರಿಗೆ ತೋರಿಸುವ ಮೊದಲು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ಎಂಬುದನ್ನು ನನ್ನ ತಾಯಿ ನಲವತ್ತು ವರ್ಷ ಕೈಯಿಂದಲೇ ತಿಳಿದುಕೊಂಡರು. ನಾನು ದೇವರನ್ನು ಬಿಟ್ಟು ಬಹಳ ದಿನವಾಯಿತು. ಇದನ್ನು ಬಿಡಲಾಗಿಲ್ಲ. ನಂಬಿಕೆಯಲ್ಲ, ಗಂಟಲಿನ ವಿಷಯ. ಇನ್ನೊಬ್ಬರ ಬಾಯಿಯಿಂದ ಬಂದದ್ದು ಎಂದು ತಿಳಿದ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತದೆ. ಮೇಧಾ ಇಲ್ಲಿದ್ದಾಗ ಮಗು ಬಟ್ಟಲಲ್ಲಿ ಉಳಿಸಿದ್ದನ್ನು ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಳ್ಳುತ್ತಿದ್ದಳು. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ. ನಾನಾದರೆ ಚಮಚವನ್ನು ಎರಡು ಬೆರಳಲ್ಲಿ ಹಿಡಿದು ನಲ್ಲಿಯ ಕೆಳಗೆ ಬಿಡುತ್ತೇನೆ.

ಮೇಧಾಳ ಕುಕ್ಕರು, ಸ್ಟೀಲು ಪಾತ್ರೆಗಳಿಗೆಲ್ಲ ಬೆಳ್ಳುಳ್ಳಿಯ ವಾಸನೆ ಹತ್ತಿದೆ. ಆದ್ದರಿಂದ ಅಟ್ಟದ ಮೇಲಿಂದ ನನ್ನ ತಾಯಿಯ ಹಿತ್ತಾಳೆ ಬೋಗುಣಿಯನ್ನು ಇಳಿಸಿದ್ದೇನೆ. ಒಳಗೆಲ್ಲ ಬೂದಿಬಣ್ಣದ ಕೊಳೆ ಪದರುಪದರಾಗಿ ಹತ್ತಿತ್ತು. ನೋಡಿಯೇ ಮೈ ಮುದುರಿತು. ಹುಣಸೆಹಣ್ಣು, ಮರಳು ಹಾಕಿ ನಾಲ್ಕು ದಿನ ಉಜ್ಜಿದೆ. ಈಗ ಒಳಗೂ ಹೊರಗೂ ಒಂದೇ ಹೊಳಪು, ಮುಖ ಕಾಣುತ್ತದೆ. ಈ ಮನೆಯಲ್ಲಿ ಶುದ್ಧವಾಗಿರುವ ವಸ್ತು ಎಂದರೆ ಅದೊಂದೇ.

ವಾಸುದೇವ


ಹಮ್ಮಿಗಿ
೨೧ ನವೆಂಬರ್ ೨೦೨೪

ಸರ್,

ಜೋಳ, ಹೆಸರು, ಗೋಧಿ ಬೇರೆಬೇರೆ ಚೀಲದಲ್ಲಿ ಕಳಿಸಿದ್ದೇವೆ. ಪ್ರಮಾಣವನ್ನು ಹಿಂದಿನ ಪತ್ರದಲ್ಲಿ ಬರೆದಿದ್ದೇನೆ. ಯಾರೂ ರುಚಿ ನೋಡಿಲ್ಲ.

ಮಂಜುಳಾ


ಗದಗ
೬ ಡಿಸೆಂಬರ್ ೨೦೨೪

ಮಂಜುಳಾ ಅವರಿಗೆ,

ಕಾಳು ಬಂದು ಎರಡು ವಾರವಾಯಿತು. ಯಾರೂ ರುಚಿ ನೋಡಿಲ್ಲ ಎಂದು ನೀವಾಗಿಯೇ ತಿಳಿಸಿದಿರಿ. ಅಷ್ಟು ಅರ್ಥ ಮಾಡಿಕೊಂಡದ್ದಕ್ಕೆ ಕೃತಜ್ಞ.

ನೀವು ಹೇಳಿದ ಕ್ರಮವನ್ನು ಒಂದಕ್ಷರ ಬಿಡದೆ ಪಾಲಿಸಿದ್ದೇನೆ. ಜೋಳಕ್ಕೆ ಮೊಳಕೆ ಬಂದ ದಿನ, ಬಟ್ಟೆಯೊಳಗೆ ಬಿಳಿ ಬಾಲಗಳು ಒಂದಕ್ಕೊಂದು ಹೆಣೆದುಕೊಂಡದ್ದನ್ನು ನೋಡಿ ಹುಳ ಎನಿಸಿತು. ಆದರೂ ಬಿಡಿಸಿದೆ. ಹುರಿದೆ, ಬೀಸಿದೆ, ಮೂರು ಸಲ ಜರಡಿ ಹಿಡಿದೆ. ದಿನಾ ಸಂಜೆ ಬೋಗುಣಿಯಲ್ಲಿ ಮಜ್ಜಿಗೆಯೊಂದಿಗೆ ಕಲಸಿ ಮುಚ್ಚಿಡುತ್ತೇನೆ, ಬೆಳಿಗ್ಗೆ ಕುದಿಸುತ್ತೇನೆ. ಬಣ್ಣ ಸ್ವಲ್ಪ ಹಸಿರಿಗೆ ತಿರುಗುತ್ತದೆ, ಹೆಸರಿನದಿರಬೇಕು.

ಅವನು ತಿನ್ನುವುದಿಲ್ಲ. ಮೊದಲು ನಾಲಗೆಯಿಂದ ತಳ್ಳುತ್ತಿದ್ದವನು ಈಗ ಉಗುಳುತ್ತಾನೆ. ಉಗುಳುವುದನ್ನು ಈ ಮನೆಯಲ್ಲೇ ಕಲಿತ. ಇಡೀ ಮೈ ನಡುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಉಗುಳುತ್ತಾನೆ. ನನ್ನ ಮುಖಕ್ಕೆ, ಕನ್ನಡಕಕ್ಕೆ. ಮೂರು ಚಮಚ ಒಳಗೆ ಹೋದರೆ ಅರ್ಧ ಗಂಟೆಯಲ್ಲಿ ವಾಂತಿ. ವಾಂತಿ ಬೆಚ್ಚಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಬನಿಯನ್ನಿನ ಒಳಗೆ ಇಳಿದು ಹೊಟ್ಟೆಯವರೆಗೆ ಹೋಯಿತು. ಅವನನ್ನು ಚಾಪೆಯ ಮೇಲೆ ಇಟ್ಟು ಬಚ್ಚಲಿಗೆ ಓಡಿದೆ. ಅವನು ಅಳುತ್ತಿದ್ದ. ನಾನು ಮೊದಲು ನನ್ನನ್ನು ತೊಳೆದುಕೊಂಡೆ. ಆಮೇಲೆ ಅವನನ್ನು.

ನಿನ್ನೆ ದವಾಖಾನೆಯಲ್ಲಿ ತೂಕ ಮಾಡಿಸಿದೆ. ಏಳು ಕಿಲೋ ನೂರು. ಏನು ಕೊಡುತ್ತೀರಿ ಎಂದು ಡಾಕ್ಟರು ಕೇಳಿದರು. ಮೊಳಕೆ ಕಾಳಿನ ಅಂಬಲಿ, ಮನೆಯಲ್ಲೇ ಮಾಡಿದ್ದು ಎಂದೆ. “ಬಹಳ ಒಳ್ಳೆಯದು, ಅದನ್ನೇ ಮುಂದುವರಿಸಿ” ಎಂದು ವಾಂತಿಗೊಂದು ಔಷಧ ಬರೆದರು. ಔಷಧ ಗುಲಾಬಿ ಬಣ್ಣದ್ದು. ಅದನ್ನು ಚಪ್ಪರಿಸಿ ಕುಡಿಯುತ್ತಾನೆ.

ಮೇಧಾಳಿಗೆ ಎಂಟೂವರೆ ಕಿಲೋ ಎಂದು ಹೇಳಿದ್ದೇನೆ. ಪದ್ಮಾಬಾಯಿಯವರಿಗೆ ಸುಳ್ಳು ಹೇಳಲಾಗುವುದಿಲ್ಲ, ಅವರು ಕಾರ್ಡು ತೋರಿಸಿ ಎನ್ನುತ್ತಾರೆ. ಜನವರಿ ಮೊದಲ ವಾರ ಬರುತ್ತಾರಂತೆ. ಮಗುವಿನ ಬಟ್ಟೆಗೆಂದು ಒಂದು ಚೀಲ ತರುತ್ತೇನೆ ಎಂದಿದ್ದಾರೆ. ಹೋದರೆ ಹೋಗಲಿ ಎಂದು ಇಲ್ಲಿ ಬರೆದು ಹೊಡೆದು ಹಾಕಿದ್ದೇನೆ. ಶಾಯಿ ತೆಳು, ನಿಮಗೆ ಓದಲು ಬರಬಹುದು.

ಮೂರು ದಿನದಿಂದ ಇನ್ನೊಂದು ಶುರುವಾಗಿದೆ. ನಾನು ಅಡುಗೆಮನೆಗೆ ಹೋದ ಕೂಡಲೇ ಅವನು ತೆವಳಿಕೊಂಡು ಮಂಚದ ಕೆಳಗೆ ಸೇರುತ್ತಾನೆ. ಕಾಲು ಹಿಡಿದು ಎಳೆಯಬೇಕು. ಎಳೆಯುತ್ತೇನೆ. ಎಡಗೈಯಿಂದ ಕೆನ್ನೆ ಒತ್ತಿ ಬಾಯಿ ತೆರೆಸುತ್ತೇನೆ. ಆ ಒಸಡು, ಆ ಎರಡು ಹಲ್ಲು, ನಡುವೆ ದಾರದಂತೆ ಇಳಿಯುವ ಜೊಲ್ಲು. ನನಗೆ ಅವನ ಮೇಲೆ ಹೇಸಿಗೆಯೋ, ನನ್ನ ಎಡಗೈಯ ಮೇಲೋ, ಬೇರೆ ಮಾಡಿ ಹೇಳಲಾರೆ.

ಕ್ರಮದಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದು ಫಕ್ಕೀರವ್ವನನ್ನು ಕೇಳಿ ಬರೆಯಿರಿ.

ವಾಸುದೇವ


ಗದಗ
೧೩ ಡಿಸೆಂಬರ್ ೨೦೨೪

ಮಂಜುಳಾ ಅವರಿಗೆ,

ಉತ್ತರ ಬರಲಿಲ್ಲ. ನಿಮಗೆ ಸುಗ್ಗಿಯ ಕೆಲಸವಿರಬಹುದು.

ಆರು ಕಿಲೋ ಒಂಬೈನೂರು. ನಿನ್ನೆ ಬಾಟಲಿಯ ಹಾಲನ್ನೂ ಅರ್ಧಕ್ಕೆ ಬಿಟ್ಟ. ಹಿಟ್ಟನ್ನು ಎರಡು ಚಮಚದಿಂದ ಮೂರಕ್ಕೆ ಏರಿಸಿದ್ದೇನೆ. ಹುಳಿ ಸಾಲದೇನೋ ಎಂದು ಮಜ್ಜಿಗೆಯನ್ನೂ ಹೆಚ್ಚಿಸಿದ್ದೇನೆ. ಸರಿಯೇ?

ವಾಸುದೇವ


ಹಮ್ಮಿಗಿ
೧೬ ಡಿಸೆಂಬರ್ ೨೦೨೪, ಮುಂಜಾನೆ

ಸರ್,

ಮೊದಲು ಒಂದು ಕೆಲಸ ಮಾಡಿರಿ. ಆ ಬೋಗುಣಿಯಲ್ಲಿರುವ ಅಂಬಲಿಯನ್ನು ಕೂಸಿಗೆ ಕೊಡಬೇಡಿರಿ. ಒಂದು ಹನಿಯೂ ಬೇಡ. ನಿನ್ನೆಯಿಂದ ಒಂಬತ್ತು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ನನ್ನ ಯಜಮಾನರು ಹೊನ್ನೇಶ ಅವರನ್ನೇ ಈ ಚೀಟಿ ಕೊಟ್ಟು ಮೊದಲ ಬಸ್ಸಿಗೆ ಕಳಿಸುತ್ತಿದ್ದೇನೆ.

ತಪ್ಪು ನನ್ನದೂ ಇದೆ, ಬರೆಯುತ್ತೇನೆ. ಹಿಟ್ಟು ತೇವ ಹಿಡಿದಿತ್ತು ಎಂದು ನವೆಂಬರಿನಲ್ಲಿ ಬರೆದಿರಿ. ಆ ಡಬ್ಬಿಗೆ ಮೇಣ ಹಾಕಿ ಮುಚ್ಚಿದವಳು ನಾನು, ತೇವ ಹೋಗಲು ದಾರಿಯೇ ಇರಲಿಲ್ಲ. ಮುಂದೆ ಗಂಟಲಿನ ವಿಷಯ ಬರೆದಿರಿ. ಅತ್ತೆ ರುಚಿ ನೋಡಿದ ಹಿಟ್ಟನ್ನು ನೀವು ಚೆಲ್ಲಿದ್ದೀರಿ ಎಂದು ನನಗೆ ತಿಳಿಯಿತು. ಅತ್ತೆಗೆ ತಿಳಿಯಬಾರದೆಂದು ಆ ಪತ್ರವನ್ನು ಪೂರ್ತಿ ಓದಲಿಲ್ಲ. ಕಾಳು ಬೇಕಂತೆ ಎಂದಷ್ಟೇ ಹೇಳಿದೆ. ಕಾಳು ಕಟ್ಟುವಾಗ ಅವರು ಹೇಳಿದರು: “ಯಾವ ಪಾತ್ರ್ಯಾಗ ಕುದಸ್ತಾನ ಕೇಳ. ಮತ್ತ ಕೂಸಿಗೆ ಕೊಡೂಕಿಂತ ಮೊದಲ ತಾನೊಂದು ಚಮಚ ಉಣ್ಣಲಿ, ಹಂಗಂತ ಬರಿ.” ನಾನು ಬರೆಯಲಿಲ್ಲ. ಸಿಟ್ಟಿತ್ತು. ರುಚಿ ನೋಡುವ ಮಾತನ್ನು ನಿಮ್ಮಂಥವರಿಗೆ ನಾನೇಕೆ ಬರೆಯಲಿ ಎಂದುಕೊಂಡೆ. ಮುಂದಿನ ಎರಡು ಪತ್ರವೂ ಪೆಟ್ಟಿಗೆಯಲ್ಲಿಯೇ ಉಳಿದವು.

ನಿನ್ನೆ ಅತ್ತೆ ತಾವಾಗಿಯೇ ಕೇಳಿದರು, “ವಾಸಣ್ಣನ ಕೂಸಿಂದು ಏನ ಖಬರ?” ಎಂದು. ಸುಳ್ಳು ಹೇಳಲು ಹೋದೆ, ಬಾಯಿ ಬರಲಿಲ್ಲ. ಎಲ್ಲವನ್ನೂ ತೆಗೆದು ಮೊದಲಿನಿಂದ ಓದಿದೆ. ಬೋಗುಣಿ ಉಜ್ಜಿದ ಮಾತು ಬಂದಾಗ, “ಇನ್ನೊಮ್ಮೆ ಓದ” ಎಂದರು. ಓದಿದೆ. ಹಣೆ ಹಣೆ ಬಡಿದುಕೊಂಡರು.

“ಅಯ್ಯ ಇವನ! ಬೂದಿಬಣ್ಣ ಅಂದ್ರ ಕೊಳಿ ಅಲ್ಲೋ, ತವರದ ಕಲಾಯಿ! ಅವ್ರವ್ವ ವರ್ಷಾ ವರ್ಷಾ ಕಲಾಯಿ ಹಾಕಸ್ತಿದ್ದಳು, ಕಂಡೀನಿ ನಾನು. ನಾಕ ದಿನ ಕುಂತು ಕೆರದು ತಗದಾನ! ಬರೇ ಹಿತ್ತಾಳ್ಯಾಗ ಮಜ್ಜಗಿ ರಾತ್ರಿ ಎಲ್ಲಾ ಇಟ್ರ ಏನ ಆಕ್ಕೈತಿ? ಕೂಸಿಗೆ ಕಿಲುಬು ಉಣಸಾಕತ್ತಾನ ಇವ. ಹಸರ ಕಂಡ್ರ ಹೆಸರಿಂದು ಅಂತಾನ, ಭಾಳ ಓದಿದಾಂವ!”

ನಂತರ ನನ್ನ ಕಡೆ ತಿರುಗಿ ಹೇಳಿದ್ದನ್ನು ಬರೆಯುವುದಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಕೂಡಲೇ ದವಾಖಾನೆಗೆ ಹೋಗಿರಿ. ಯಾವ ಪಾತ್ರೆ ಎಂದು ಡಾಕ್ಟರಿಗೆ ಹೇಳಿರಿ.

ಮಂಜುಳಾ


ಗದಗ
೧೮ ಡಿಸೆಂಬರ್ ೨೦೨೪

ಮಂಜುಳಾ ಅವರಿಗೆ,

ಮೊನ್ನೆ ಹೊನ್ನೇಶ ಬಂದಾಗ ಬೆಳಿಗ್ಗೆ ಎಂಟೂವರೆ. ಮೇಧಾಳಿಗೆ ಉತ್ತರ ಹೇಳಲಾಗದೆ ಹಿಂದಿನ ದಿನದಿಂದ ಫೋನಿನ ಸದ್ದು ಅಡಗಿಸಿಟ್ಟಿದ್ದೆ. ಅಂಬಲಿ ಆರಲು ಇಟ್ಟಿದ್ದೆ. ಮಗು ಮಂಚದ ಕೆಳಗಿದ್ದ.

ಹೊನ್ನೇಶ ಚೀಟಿ ಕೊಟ್ಟರು. ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎಂದೆ. “ಸರ್, ಒಂದು ಮಾತು. ಸಿಟ್ಟಿಗೇಳಬ್ಯಾಡ್ರಿ. ನೀವು ಅದನ್ನ ಒಂದು ಚಮಚ ತಿನ್ನಬೇಕಂತ್ರಿ. ತಿಂದದ್ದ ನೋಡಿಕ್ಯಾಸಿ ಬಾ ಅಂತ ನಮ್ಮವ್ವ ಹೇಳಿ ಕಳಸ್ಯಾಳ” ಎಂದರು. ನೆಲ ನೋಡುತ್ತ ಹೇಳಿದರು, ಆದರೆ ಹೇಳಿದರು.

ಬೋಗುಣಿಯಿಂದ ಒಂದು ಚಮಚ ತೆಗೆದು ಬಾಯಿಗಿಟ್ಟೆ.

ಚಿಕ್ಕವನಿದ್ದಾಗ ತೀರ್ಥ ಕೊಡುವ ತಾಮ್ರದ ಪುಟ್ಟ ಚಮಚ, ಉದ್ಧರಣೆಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತ ಕುಳಿತಿದ್ದೆ, ತಂದೆ ಹೊಡೆದಿದ್ದರು. ಅದೇ ರುಚಿ, ಅದಕ್ಕಿಂತ ಹತ್ತು ಪಾಲು. ಲೋಹ. ನಾಲಗೆಯ ಎರಡೂ ಬದಿ ಮುದುರಿಕೊಂಡವು. ಬೆಲ್ಲದ ಸಿಹಿ ಅದರ ಮೇಲೆ ತೇಲುತ್ತಿತ್ತು, ಕೊಳೆತದ್ದರ ಮೇಲೆ ಅತ್ತರು ಚಿಮುಕಿಸಿದ ಹಾಗೆ. ಕಣ್ಣು ತಾನಾಗಿ ಮುಚ್ಚಿತು, ಇಡೀ ಮೈ ನಡುಗಿತು. ಉಗುಳಿದೆ. ಉಗುಳಿದ ಮೇಲೆ ತಿಳಿಯಿತು, ಅವನು ಮಾಡುತ್ತಿದ್ದದ್ದನ್ನೇ ಮಾಡಿದ್ದೇನೆ, ಅದೇ ಕ್ರಮದಲ್ಲಿ. ಆಮೇಲೆ ಬಚ್ಚಲಲ್ಲಿ ವಾಂತಿ. ಹೊನ್ನೇಶ ನೀರು ತಂದುಕೊಟ್ಟರು. ಮಂಚದ ಕೆಳಗೆ ಬಗ್ಗಿ, “ಬಾರಪಾ ಹೊರಗ, ಆತು ಅದು, ಮುಗೀತು” ಎಂದು ಮಗುವನ್ನು ಕರೆದರು. ಅವನು ಅವರ ಕೈಗೆ ಹೋದ.

ಇಪ್ಪತ್ತು ದಿನ. ದಿನಕ್ಕೆ ಎರಡು ಸಲ. ಕೆನ್ನೆ ಒತ್ತಿ.

ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಇವತ್ತು ಫಲಿತಾಂಶ ಬಂತು. ಪಿತ್ತಜನಕಾಂಗಕ್ಕೆ ಪೆಟ್ಟಾಗಿಲ್ಲ. ಹಿಂದಿನ ಸಲ ಬಹಳ ಒಳ್ಳೆಯದು ಎಂದಿದ್ದ ಅದೇ ಡಾಕ್ಟರು ವರದಿಯನ್ನು ಎರಡು ಸಲ ಓದಿದರು. “ಉಗುಳಿ ಉಗುಳಿ ತನ್ನನ್ನು ತಾನೇ ಉಳಿಸಿಕೊಂಡಿದ್ದಾನೆ ನಿಮ್ಮ ಮಗ” ಎಂದರು. ವಾಂತಿ ನಿಲ್ಲಿಸುವ ಔಷಧ ಬರೆದುಕೊಟ್ಟದ್ದನ್ನು ಅವರೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ.

ಬೋಗುಣಿಯನ್ನು ಬೆಟಗೇರಿಗೆ ಒಯ್ದೆ. ಕಲಾಯಿ ಹಾಕುವ ಬುಡ್ಡೇಸಾಬರು ಇನ್ನೂ ಇದ್ದಾರೆ, ಮನೆ ಹುಡುಕಲು ಒಂದು ಗಂಟೆ ಬೇಕಾಯಿತು. ಅವರು ಒಳಗೆ ಬೆರಳಾಡಿಸಿ, ಬೆರಳನ್ನು ನಾಲಗೆಗೆ ಮುಟ್ಟಿಸಿ ಥೂ ಎಂದು ಪಕ್ಕಕ್ಕೆ ಉಗುಳಿದರು. “ಯಾರ್ರೀ ಇಷ್ಟು ಉಜ್ಜಿದವರು? ಪಾತ್ರಿಗೆ ವೈರಿ ಇದ್ದಂಗಿದ್ದಾರ” ಎಂದರು. ಎಲ್ಲರೂ ನಾಲಗೆಗೆ ಮುಟ್ಟಿಸಿಯೇ ತಿಳಿಯುತ್ತಾರೆ. ಬೋಗುಣಿಯನ್ನು ಅವರಲ್ಲೇ ಬಿಟ್ಟು ಬಂದೆ. ಬೇಡ.

ನೀವು ಎರಡು ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಮೊದಲ ದಿನ ನಾನು ತೇವ ಎಂದು ಬರೆಯದಿದ್ದರೆ ಯಾವುದೂ ಆಗುತ್ತಿರಲಿಲ್ಲ. ಹಿಟ್ಟು ಒಣಗಿತ್ತು. ಒಳ್ಳೆಯ ವಾಸನೆಯೂ ಇತ್ತು. ಹಿತ್ತಲಲ್ಲಿ ಚೆಲ್ಲಿದೆ, ಅಳಿಲುಗಳು ತಿಂದವು.

ಇದನ್ನು ಫಕ್ಕೀರವ್ವ ಅವರಿಗೆ ಪೂರ್ತಿ ಓದಿ ಹೇಳಿ.

ವಾಸುದೇವ


ಹಮ್ಮಿಗಿ
೨೩ ಡಿಸೆಂಬರ್ ೨೦೨೪

ಸರ್,

ಪೂರ್ತಿ ಓದಿ ಹೇಳಿದೆ. ಅತ್ತೆ ನಿಮಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಅಳಿಲಿನ ಮಾತಿಗೆ ಮಾತ್ರ, “ಪಾಪ, ಅವಕ್ಕರ ತಿಳೀತಲ್ಲ” ಎಂದರು.

ಮತ್ತೆ ಹಿಟ್ಟು ಮಾಡಿ ಕಳಿಸಿದ್ದೇವೆ. ಅತ್ತೆ ರುಚಿ ನೋಡಿದ್ದಾರೆ, ನಾನೂ ನೋಡಿದ್ದೇನೆ. ಚೆಲ್ಲುವುದಾದರೆ ತಿಳಿಸಿರಿ, ನನಗೆ ಬೀಸುವ ಕೆಲಸ ಉಳಿಯುತ್ತದೆ. ಸ್ಟೀಲು ಪಾತ್ರೆಯಲ್ಲಿ ಕುದಿಸಿರಿ. ಮಜ್ಜಿಗೆ ಬೇಡ, ಸದ್ಯಕ್ಕೆ ಹಾಲು ಸಾಕು.

“ಬ್ಯಾರೆ ಎಲ್ಲಾ ಸಾಕು. ಕೂಸು ಉಣತೈತೋ ಇಲ್ಲೋ, ಅಷ್ಟ ಬರಿ ಅನ್ನ” ಎಂದಿದ್ದಾರೆ.

ಮಂಜುಳಾ


ಗದಗ
೭ ಜನವರಿ ೨೦೨೫

ಮಂಜುಳಾ ಅವರಿಗೆ, ಫಕ್ಕೀರವ್ವ ಅವರಿಗೆ,

ಉಣ್ಣುತ್ತದೆ. ಹೇಗೆ ಎಂಬುದನ್ನೂ ಬರೆಯಬೇಕು.

ನಿಮ್ಮ ಹಿಟ್ಟು ಬಂದ ದಿನ ಸ್ಟೀಲು ಪಾತ್ರೆಯಲ್ಲಿ ಅಂಬಲಿ ಮಾಡಿದೆ. ಬಾಯಿಗಿಟ್ಟು ನೋಡಿದೆ, ಚೆನ್ನಾಗಿತ್ತು. ನನ್ನ ಚಮಚವನ್ನು ತೊಳೆದು, ಬೇರೆ ಚಮಚದಲ್ಲಿ ಅವನಿಗೆ ಹಿಡಿದೆ. ಬಾಯಿ ಬಿಡಲಿಲ್ಲ. ಅಂಬಲಿ ಬದಲಾಗಿತ್ತು, ಚಮಚ ಹಿಡಿದ ಕೈ ಅದೇ ಇತ್ತಲ್ಲ. ಎರಡನೆಯ ದಿನವೂ ಅಷ್ಟೇ. ಕೆನ್ನೆ ಒತ್ತಲಿಲ್ಲ. ಅವನು ಮಂಚದ ಕೆಳಗೆ ಹೋದ, ನಾನು ಬಟ್ಟಲು ಹಿಡಿದು ಹೊರಗೆ ನೆಲದ ಮೇಲೆ ಕುಳಿತೆ. ಏನು ಮಾಡಬೇಕೆಂದು ತಿಳಿಯದೆ ಆ ಬಟ್ಟಲಿನಿಂದ ನಾನೇ ಒಂದೊಂದು ಚಮಚ ತಿನ್ನತೊಡಗಿದೆ. ಅವನು ಕತ್ತಲೊಳಗಿಂದ ನೋಡುತ್ತಿದ್ದ. ಅರ್ಧ ಬಟ್ಟಲು ಮುಗಿದಾಗ ಮುಖ ಹೊರಗೆ ಬಂತು.

ಮೂರನೆಯ ದಿನ ತೊಡೆ ಹತ್ತಿ ಕುಳಿತ. ನನ್ನ ಕೆಳತುಟಿ ಹಿಡಿದೆಳೆದು ಬಾಯೊಳಗೆ ನೋಡಿದ. ನಾನು ನುಂಗಿದ್ದು ಖಾತ್ರಿಯಾದ ಮೇಲೆ ತನ್ನ ಬಾಯಿ ಬಿಟ್ಟ. ತಿಂದ. ಮುಂದಿನ ತುತ್ತನ್ನು ಕೊಡಲು ಹೋದರೆ ಚಮಚವನ್ನು ನನ್ನ ಕಡೆಗೇ ತಳ್ಳಿದ. ನಾನು ತಿಂದೆ, ಅವನು ನೋಡಿದ, ಆಮೇಲೆ ಅವನು ತಿಂದ. ಬೇರೆ ಚಮಚ ತೆಗೆದುಕೊಂಡರೆ ಒಪ್ಪುವುದಿಲ್ಲ. ಅದೇ ಚಮಚ, ಅದೇ ಬಟ್ಟಲು, ಒಂದು ನನಗೆ ಒಂದು ಅವನಿಗೆ. ಒಮ್ಮೊಮ್ಮೆ ತನ್ನ ಬಾಯಿಂದಲೇ ತೆಗೆದು, ಬೆರಳಲ್ಲಿ ಹಿಡಿದು, ನನ್ನ ಹಲ್ಲಿನ ನಡುವೆ ತುರುಕುತ್ತಾನೆ. ಬೆಚ್ಚಗಿರುತ್ತದೆ, ಜಿಡ್ಡಾಗಿರುತ್ತದೆ. ನುಂಗುವವರೆಗೆ ಬಿಡುವುದಿಲ್ಲ.

ಹೇಸಿಗೆ ಹೋಯಿತು ಎಂದು ಬರೆದರೆ ನಿಮಗೆ ಸಂತೋಷವಾಗಬಹುದು. ಹೋಗಿಲ್ಲ. ಪ್ರತಿ ಸಲವೂ ಗಂಟಲು ಮುಚ್ಚಿಕೊಳ್ಳುತ್ತದೆ, ಪ್ರತಿ ಸಲವೂ ಕಣ್ಣಲ್ಲಿ ನೀರು ಬರುತ್ತದೆ. ಅವನು ಆ ನೀರನ್ನೂ ಮುಟ್ಟಿ ನೋಡುತ್ತಾನೆ.

ನಿನ್ನೆ ಪದ್ಮಾಬಾಯಿಯವರು ಲಕ್ಷ್ಮೇಶ್ವರದಿಂದ ಬಂದರು. ಚೀಲ ತಂದಿದ್ದರು. ಕಾರ್ಡು ನೋಡಿದರು, ಏಳು ಕಿಲೋ ನಾಲ್ಕುನೂರು. “ಇದು ಏನೂ ಸಾಲದು. ನಾಳೆ ಮಧ್ಯಾಹ್ನದ ಬಸ್ಸಿಗೆ ನಾವಿಬ್ಬರೂ ಹೋಗ್ತೇವಿ” ಎಂದು ಬಟ್ಟೆಗಳನ್ನು ಮಡಚಿಡಲು ಶುರು ಮಾಡಿದರು. ಮೇಧಾಳಿಗೆ ಹೇಳಬೇಕಾದ ಸತ್ಯವನ್ನು ನಾನು ಅದರ ಹಿಂದಿನ ದಿನವೇ ಹೇಳಿದ್ದೆ. ಅವಳು ಬಹಳ ಹೊತ್ತು ಅತ್ತು, ‘ನಿಮ್ಮ ಮೇಲೆ ಬಿಟ್ಟಿದ್ದೇನೆ’ ಎಂದು ನನಗೆ ಹೇಳಿ ಫೋನಿಟ್ಟಳು. ಬಿಟ್ಟಿದ್ದಾಳೋ, ಬಿಟ್ಟುಕೊಟ್ಟಿದ್ದಾಳೋ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಪದ್ಮಾಬಾಯಿಯವರು ತಾವೇ ಉಣಿಸುತ್ತೇನೆಂದು ಕುಳಿತರು. ಅವನು ಬಾಯಿ ಬಿಡಲಿಲ್ಲ. ಹಾಡಿದರು, ಕಾಗೆ ತೋರಿಸಿದರು. ಚಮಚವನ್ನು ಅವರ ಬಾಯಿಯ ಕಡೆಗೆ ತಳ್ಳಿದ. ಏನು ಕೇಳುತ್ತಾನೆ ಎಂದು ಅವರಿಗೆ ತಿಳಿಯಲಿಲ್ಲ. ನಾನು ಹೇಳಿದೆ. ನಂಬಲಿಲ್ಲ. ಆಗ ನಾನು ಅವನನ್ನು ತೊಡೆಗೆ ತೆಗೆದುಕೊಂಡು ಬಟ್ಟಲು ಹಿಡಿದೆ. ಅವರು ಎದುರಿಗೆ ಕುಳಿತು ನೋಡಿದರು. ಮೂರನೆಯ ತುತ್ತಿಗೆ ಅವನು ಬಾಯಿಂದ ತೆಗೆದು ನನ್ನ ಬಾಯಿಗಿಟ್ಟ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹಿತ್ತಲಿಗೆ ಹೋದರು. ಅವರ ಮುಖದಲ್ಲಿದ್ದದ್ದು ನನಗೆ ಹೊಸದಲ್ಲ. ನಲವತ್ತೇಳು ವರ್ಷ ಒಳಗಿನಿಂದ ಬಲ್ಲೆ, ಹೊರಗಿನಿಂದ ನೋಡಿದ್ದು ಇವತ್ತೇ.

ಮರಳಿ ಬಂದಾಗ ಬಟ್ಟಲು ಖಾಲಿಯಾಗಿತ್ತು. ಅವರು ಬಾಗಿಲಲ್ಲೇ ನಿಂತು, “ಅಳಿಯಂದ್ರ, ಅವಂದು ಹಾಲು, ನೀರು, ಬಟ್ಟಿ ಎಲ್ಲಾ ಮಾಡ್ತೇನಿ. ಇದು ನನ್ನ ಕೈಲೆ ಆಗೂದಿಲ್ಲ” ಎಂದರು. ದನಿ ಸಣ್ಣದಾಗಿತ್ತು. ಮಧ್ಯಾಹ್ನದ ಊಟಕ್ಕೆ ನನಗೆ ಬೇರೆ ಕಡೆ ಎಲೆ ಹಾಕಿದರು. ಎರಡು ಗಂಟೆಯ ಬಸ್ಸಿಗೆ ಒಬ್ಬರೇ ಹೋದರು. ಚೀಲವನ್ನು ಮರೆತು ಹೋಗಿದ್ದಾರೆ. ಅಥವಾ ಮುಟ್ಟಲಿಲ್ಲ.

ಈಗ ಅವನು ನನ್ನ ತೊಡೆಯ ಮೇಲೆ ಮಲಗಿದ್ದಾನೆ. ಜೊಲ್ಲು ಧೋತರದ ಮೂಲಕ ಇಳಿದು ಚರ್ಮಕ್ಕೆ ತಾಗಿದೆ, ತಣ್ಣಗೆ. ಎದ್ದರೆ ಎಚ್ಚರವಾಗುತ್ತಾನೆ, ಆದ್ದರಿಂದ ತೊಳೆದುಕೊಂಡಿಲ್ಲ.

ಹಿಟ್ಟು ಇನ್ನು ನಾಲ್ಕು ದಿನಕ್ಕೆ ಸಾಲುತ್ತದೆ. ಮುಂದಿನ ಸಲ ಇಬ್ಬರಿಗಾಗುವಷ್ಟು ಕಳಿಸಿ.

ವಾಸುದೇವ